ಆಡಿ ಅಲ್ಲ, ಔದಿ

ಆ ವರದಿಗೆ ನಾನು ಸಹಿ ಹಾಕಲಿಲ್ಲ. ಬರೆದು ಮುಗಿಸಿದ್ದೆ, ಟೈಪ್ ಆಗಿ ಬಂದಿತ್ತು, ಮೂರು ಪ್ರತಿಗಳನ್ನು ಪಿನ್ನು ಹಾಕಿ ಚೀಲದಲ್ಲಿ ಇಟ್ಟುಕೊಂಡು ಮನೆಗೂ ತಂದಿದ್ದೆ. ಸಹಿ ಒಂದೇ ಬಾಕಿ. ಈಗಲೂ ಆ ದಿನ ನೆನಪಾದರೆ ತಲೆಯ ಮೇಲಿನ ಹೊರೆಯನ್ನು ಯಾರೋ ಕೈಹಚ್ಚಿ ಇಳಿಸಿದ ಹಾಗೆ ಹಗುರಾಗುತ್ತದೆ.

ನಾನು ಬೈಲಹೊಂಗಲದಲ್ಲಿ ಸರ್ಕಾರಿ ನೌಕರಿಯಲ್ಲಿದ್ದೇನೆ. ನಮ್ಮದು ಕಿತ್ತೂರಿನ ಹತ್ತಿರ ದೇಗಾಂವ ಕಡೆಯ ಮನೆತನ. ಅಜ್ಜ ಪೂಜೆ, ಪಂಚಾಂಗ ಎಂದು ಬದುಕಿದವರು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ನಾನು ಕಾನೂನು ಓದಿದೆ, ವಕೀಲಿಕೆ ಕೈಹತ್ತಲಿಲ್ಲ, ಪರೀಕ್ಷೆ ಬರೆದು ಶಿಕ್ಷಣ ಇಲಾಖೆ ಸೇರಿದೆ. ಕಾನೂನು ಓದಿದವನು ಎಂಬ ಒಂದೇ ಕಾರಣಕ್ಕೆ ಇಲಾಖೆಯಲ್ಲಿ ಯಾರ ಮೇಲಾದರೂ ದೂರು ಬಂದರೆ ವಿಚಾರಣಾಧಿಕಾರಿಯಾಗಿ ನನ್ನ ಹೆಸರು ಬರೆಯುವ ರೂಢಿ ಬಿದ್ದುಹೋಗಿತ್ತು. ಇಂಥ ವಿಚಾರಣೆ ಹತ್ತಾರು ಮಾಡಿದ್ದೆ. ಕೈ ಪಳಗಿತ್ತು. ಪಳಗಿದ ಕೈಯೇ ಅವತ್ತು ನನಗೆ ಮುಳುವಾಗುವುದರಲ್ಲಿತ್ತು.

ದೂರು ಬಂದದ್ದು ಒಬ್ಬ ಶಿಕ್ಷಕಿಯ ಮೇಲೆ. ರಾಮದುರ್ಗ ತಾಲ್ಲೂಕಿನಲ್ಲಿ, ಸಾಲಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿಯ ಶಾಲೆ ಅವರದು. ವಯಸ್ಸು ಐವತ್ತರ ಆಚೆ. ಗಂಡ ಹೊಲ ಮಾಡುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ದೂರು ಕೊಟ್ಟವರು ಅದೇ ಶಾಲೆಯ ಹೆಡ್ ಮಾಸ್ತರು. ದೂರಿನ ಸಾರ ಒಂದು ಸಾಲಿನಲ್ಲಿ ಇತ್ತು: "ಸದರಿಯವರು ಮೇಲಿನವರು ಹೇಳಿದ ಮಾತು ಕೇಳುವುದಿಲ್ಲ." ಅದರ ಕೆಳಗೆ ಪಟ್ಟಿ. ತರಬೇತಿಗೆ ಹೋಗಿ ಎಂದರೆ ಹೋಗಲಿಲ್ಲ. ತಾಲ್ಲೂಕಿನಿಂದ ಫೋನ್ ಬಂದರೆ ಎತ್ತಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಕರೆದರೆ ಹೊರಳಿ ನೋಡಲಿಲ್ಲ. ಎಲ್ಲರ ಎದುರು ಹೆಡ್ ಮಾಸ್ತರು ಏನೋ ಕೇಳಿದರೆ ನಕ್ಕು ಸುಮ್ಮನಾದರು. ಹೀಗೆ ಮೂರು ವರ್ಷದ ಸಂಗತಿಗಳು.

ವಿಚಾರಣೆಯನ್ನು ಸವದತ್ತಿಯಲ್ಲಿ ಇಟ್ಟುಕೊಂಡೆ. ನನಗೂ ಅವರಿಗೂ ನಡುವೆ ಬೀಳುವ ಊರು ಅದು. ಒಂದು ಸರ್ಕಾರಿ ಕಟ್ಟಡದ ಮೂಲೆಯ ಕೋಣೆ ಕೊಟ್ಟಿದ್ದರು. ಕಿಟಕಿ ತೆಗೆದರೆ ರಸ್ತೆಯ ಗದ್ದಲ, ಮುಚ್ಚಿದರೆ ಸೆಕೆ. ಮೇಲೆ ಒಂದು ಹಳೆಯ ಫ್ಯಾನು ಕಟಕಟ ಅನ್ನುತ್ತ ತಿರುಗುತ್ತಿತ್ತು. ಅಕ್ಕೋರು ಗಂಡನ ಜೊತೆ ಬಂದರು. ಗಂಡ ಹೊರಗಿನ ಬೆಂಚಿನ ಮೇಲೆ ಕೂತರು. ಅಕ್ಕೋರು ಒಳಗೆ ಬಂದು ನಮಸ್ಕಾರ ಮಾಡಿ ನನ್ನ ಎದುರಿನ ಕುರ್ಚಿಯ ತುದಿಗೆ ಕೂತು, ನನ್ನ ಮುಖವನ್ನೇ ನೋಡತೊಡಗಿದರು.

ನಾನು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿದ್ದೆ. ಕಾಗದ ನೋಡುತ್ತಲೇ ಓದಿದೆ.

"ಹೆಡ್ ಮಾಸ್ತರು ನಿಮಗ ತರಬೇತಿಗೆ ಹೋಗ್ರಿ ಅಂತ ಹೇಳಿದ್ದು ಖರೇ ಏನ್ರಿ?"

"ಹೂಂನ್ರಿ ಸಾಹೇಬ್ರ, ಮುಂಜಾನಿ ಏಳರ ಬಸ್ಸಿಗೆ ಬಂದೇವ್ರಿ" ಅಂದರು.

ಬರೆದುಕೊಳ್ಳುತ್ತಿದ್ದ ಗುಮಾಸ್ತ ಬಾಯಿಗೆ ಕರವಸ್ತ್ರ ಹಿಡಿದ. ನನಗೆ ಸಿಟ್ಟು ಬಂತು. "ನಾ ಕೇಳಿದ್ದು ಬಸ್ಸಿನ ಸುದ್ದಿ ಅಲ್ಲ" ಎಂದು ಪ್ರಶ್ನೆಯನ್ನು ಮತ್ತೆ ಓದಿದೆ, ಮತ್ತೆ ಕಾಗದ ನೋಡಿಯೇ. ಈ ಸಲ ಅವರು ಬರೀ ನಕ್ಕರು. ಆ ನಗುವಿನಲ್ಲಿ ಹೆದರಿಕೆ ಇತ್ತು ಎಂದು ಈಗ ಹೇಳಬಲ್ಲೆ. ಅವತ್ತು ನನಗೆ ಕಂಡದ್ದು ಅಸಡ್ಡೆ.

ಮೂರು ಸಲ ಕರೆಸಿದೆ, ಮೂರು ಸಲವೂ ಹೀಗೇ ಆಯಿತು. ಕೊನೆಯ ಸಲ, "ನಿಮ್ಮದೇನರ ಹೇಳೂದು ಇದ್ರ ಹೇಳ್ರಿ, ಇದು ನಿಮಗ ಕಡೀ ಅವಕಾಶ" ಎಂದೆ. ಅವರು ಹೊರಗಿದ್ದ ಗಂಡನ ಕಡೆ ಒಮ್ಮೆ ನೋಡಿ, "ನಾ ತಪ್ಪು ಮಾಡಿಲ್ರಿ" ಎಂದಷ್ಟೇ ಹೇಳಿ ತಲೆ ಬಗ್ಗಿಸಿದರು. ನಾನು ಕಡತ ಮುಚ್ಚಿದೆ. ಟಿಪ್ಪಣಿಯಲ್ಲಿ "ವಿಚಾರಣೆಗೆ ಸಹಕರಿಸುವುದಿಲ್ಲ, ಅಧಿಕಾರಿಯ ಮುಖವನ್ನು ದಿಟ್ಟಿಸಿ ನೋಡುತ್ತಾರೆ" ಎಂದು ಬರೆದೆ. ಇದನ್ನು ಬರೆದದ್ದು ನಾನೇ. ಮರೆಮಾಚುವುದಿಲ್ಲ.

ವರದಿ ಬರೆಯಲು ಕೂತಾಗ ಮೊದಲ ಸಾಲಿಗೆ ಕಾನೂನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಒಂದು ಲ್ಯಾಟಿನ್ ಮಾತು ಹಾಕಿದೆ. ವಕೀಲರೆಲ್ಲ ಬಲ್ಲ ಮಾತು: "ಆಡಿ ಆಲ್ಟೆರಮ್ ಪಾರ್ಟೆಮ್". ಎರಡನೆಯ ಪಕ್ಷದವರಿಗೂ ಮಾತಾಡಲು ಅವಕಾಶ ಕೊಡದೆ ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಬಾರದು ಎಂಬುದು ಅದರ ಆಶಯ ಎಂದು ನಮಗೆ ಹೇಳಿಕೊಟ್ಟಿದ್ದರು. "ಈ ತತ್ವದಂತೆ ಸದರಿಯವರಿಗೆ ಮೂರು ಬಾರಿ ಅವಕಾಶ ನೀಡಲಾಗಿದೆ" ಎಂದು ಮುಂದುವರಿಸಿದೆ. ಬರೆದಾದ ಮೇಲೆ ಓದಿ ನೋಡಿದಾಗ ನನ್ನ ಗತ್ತಿಗೆ ನಾನೇ ಮೆಚ್ಚಿಕೊಂಡೆ. ಆರೋಪಗಳು ಸಾಬೀತಾಗಿವೆ ಎಂದು ಮುಗಿಸಿದ್ದೆ. ಅದು ಮೇಲೆ ಹೋದರೆ ಅಕ್ಕೋರಿಗೆ ದೂರದ ಊರಿಗೆ ವರ್ಗ ಆಗುವುದು ಖಾತ್ರಿ ಇತ್ತು. ಹೆಚ್ಚಿನದೂ ಆಗಬಹುದಿತ್ತು.

ಶನಿವಾರ ಟೈಪ್ ಆಗಿ ಬಂತು. ಸೋಮವಾರ ಸಹಿ ಮಾಡಿ ಕಳಿಸಿದರಾಯಿತು ಎಂದು ಮನೆಗೆ ತಂದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ತಪ್ಪು ತಿದ್ದುತ್ತಿದ್ದೆ. ಅಪ್ಪ ನಮ್ಮ ಜೊತೆಗೇ ಇರುತ್ತಾರೆ. ಎಂಬತ್ತು ದಾಟಿದರೂ ಅಚ್ಚಾದದ್ದು ಏನು ಕಂಡರೂ ಓದದೆ ಬಿಡುವವರಲ್ಲ. ಕಿರಾಣಿ ಅಂಗಡಿಯಿಂದ ಬಂದ ಪೊಟ್ಟಣವನ್ನೂ ಬಿಚ್ಚಿ ಓದುತ್ತಾರೆ. ಕಚೇರಿಯ ಕಾಗದ ತೋರಿಸುವ ಹಾಗಿರಲಿಲ್ಲ. ಆದರೆ ಲ್ಯಾಟಿನ್ನು ಸಂಸ್ಕೃತದ ದೂರದ ತಂಗಿ ಎಂದು ಅವರೇ ಆಗಾಗ ಹೇಳುತ್ತಿದ್ದರಲ್ಲ, ಖುಷಿಪಡಲಿ ಎಂದು ಮೊದಲ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದೆ.

"ಆಡಿ ಅಂದ್ರ ಏನು?" ಎಂದರು ಅಪ್ಪ.

"ಎರಡನೇದವರಿಗೂ ಮಾತಾಡಲಿಕ್ಕೆ ಅವಕಾಶ ಕೊಡಬೇಕು ಅಂತ ಅಪ್ಪಾ."

"ಅದು ತಾತ್ಪರ್ಯ ಆತು. ನಾ ಕೇಳಿದ್ದು ಪದದ ಅರ್ಥ. ಧಾತು ಯಾವುದು? ಯಾವ ಪುರುಷ? ಯಾವ ವಚನ?"

ನನಗೆ ಗೊತ್ತಿರಲಿಲ್ಲ. "ಆಡಿ ಅಂದ್ರ ಮಾತು ಆಡಿ ಅಂತ ಇರಬೇಕೇನೋ, ಕನ್ನಡದಂಗ" ಎಂದು ನಕ್ಕು ತೇಲಿಸಲು ನೋಡಿದೆ. ಅಪ್ಪ ನಗಲಿಲ್ಲ.

"ಅರ್ಥ ಗೊತ್ತಿಲ್ಲದ ಮಂತ್ರ ಹೇಳಿ ಇನ್ನೊಬ್ಬರ ಮನಿ ಪೂಜಾ ಮಾಡಸಬಾರದು ಅಂತ ನಮ್ಮಪ್ಪ ಹೇಳತಿದ್ದರು. ನೀ ಅದ ಮಾಡಲಿಕ್ಕೆ ಹತ್ತೀಯಲ್ಲ. ಇರು, ಫಾದರ್ ನಾಕಕ್ಕ ಬರತಾರ. ಕೇಳೋಣಂತ."

ಫಾದರ್ ಎಂದರೆ ನಮ್ಮ ಓಣಿಯ ಆಚೆ ತಮ್ಮ ತಂಗಿಯ ಮನೆಯಲ್ಲಿರುವ ಒಬ್ಬ ನಿವೃತ್ತ ಪಾದ್ರಿ. ಬಹಳ ವರ್ಷ ಪಾದ್ರಿಗಳಾಗುವವರಿಗೆ ಲ್ಯಾಟಿನ್ ಕಲಿಸಿದವರು. ಸಂಜೆ ತಿರುಗಾಡಲು ಹೋದಲ್ಲಿ ಅಪ್ಪನಿಗೆ ಪರಿಚಯವಾಗಿ, ಭಾನುವಾರದ ಚಹಾ ನಮ್ಮ ಮನೆಯಲ್ಲಿ ಎಂಬುದು ಗಟ್ಟಿಯಾಗಿತ್ತು. ಇಬ್ಬರೂ ಕೂತರೆಂದರೆ ದೇವರ ಸುದ್ದಿ ಬರುತ್ತಿರಲಿಲ್ಲ, ಬರೀ ವ್ಯಾಕರಣ. ನನ್ನ ಹೆಂಡತಿ ಅವಲಕ್ಕಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ನಾಲ್ಕಕ್ಕೆ ಸರಿಯಾಗಿ ಬಂದರು. ಅಪ್ಪ ಕೂಡಲು ಬಿಡದೆ ಪ್ರಶ್ನೆ ಮುಂದಿಟ್ಟರು. ಫಾದರ್ ಕೊಡೆಯನ್ನು ಮೂಲೆಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಆಡಿ ಅಲ್ಲ ತಮ್ಮಾ, ಔದಿ. ಕಡೀ ಅಕ್ಷರ ದೀರ್ಘ, ಔದೀ. ವಕೀಲರ ಬಾಯಾಗ ಅದು ಆಡಿ ಆಗೇತಿ. ಔದೀರೆ ಅಂದ್ರ ಕಿವಿಯಿಂದ ಕೇಳೂದು. ನಾಲ್ಕನೇ ಗಣದ ಕ್ರಿಯಾಪದ. ಔದಿಯೊ, ನಾ ಕೇಳತೇನಿ. ಔದಿತ್, ಅವ ಕೇಳತಾನ. ಔದೀ, ನೀ ಕೇಳು. ಬಾಳ ಮಂದಿ ಇದ್ರ ಔದೀತೆ, ನೀವೆಲ್ಲಾರೂ ಕೇಳ್ರಿ."

"ಹಂಗಾದ್ರ ಇದು ನಮ್ಮ ಶೃಣು!" ಅಪ್ಪ ತೊಡೆ ತಟ್ಟಿದರು. "ಲೋಟ್ ಲಕಾರ, ಮಧ್ಯಮ ಪುರುಷ, ಏಕವಚನ. ಆಜ್ಞಾ ಮಾಡೂದು."

"ಅದನ ನೋಡ್ರಿ ಮಾಸ್ತರ. ಆಜ್ಞೆನ. ಅದೂ ಒಬ್ಬಗ ಮಾಡಿದ ಆಜ್ಞೆ. ಪಾರ್ತೆಮ್ ಅಂದ್ರ ಪಕ್ಷಾನ್ನ, ದ್ವಿತೀಯಾ ವಿಭಕ್ತಿ, ಸ್ತ್ರೀಲಿಂಗ. ಅದಕ್ಕ ಆಲ್ತೆರಮ್ ಅನ್ನೂದೂ ಅದರ ಗುಂಟ ಹಂಗ ಬರತೈತಿ. ಆಲ್ತೆರ ಅಂದ್ರ ಯಾವದರ ಇನ್ನೊಂದು ಅಂತಲ್ಲ, ಇಬ್ಬರು ಇದ್ದಲ್ಲೆ ಎರಡನೇದವರು."

ನಾನು ನಡುವೆ ಬಾಯಿ ಹಾಕಿದೆ. "ಅಂದ್ರ ಫಾದರ್, ಎರಡನೇ ಪಕ್ಷಕ್ಕ ಮಾತಾಡ್ರಿ ಅಂತ ಹೇಳೂದು ಇದರಾಗ ಇಲ್ಲೇನು?"

"ಎಲ್ಲೈತಿ ತೋರ್ಸು?" ಎಂದರು ಅವರು. "ಮಾತಾಡೂ ಕ್ರಿಯಾಪದನ ಇಲ್ಲ. ಮೂರ ಶಬ್ದ. ಎರಡನೇ ಪಕ್ಷಾನ್ನ ನೀ ಕೇಳು. ಎರಡನೇದವರಿಗೆ ಏನೂ ಹೇಳಿಲ್ಲ ಇದು. ಹೇಳಿದ್ದು ಕುರ್ಚಿ ಮ್ಯಾಲ ಕುಂತವಗ."

"ಅದೂ ಏಕವಚನದಾಗ" ಎಂದು ಅಪ್ಪ ನಕ್ಕರು. "ಸಾಹೇಬರಿಗೂ ನೀ ಅಂದ್ರು ನೋಡು!"

"ಲ್ಯಾಟಿನ್ನದಾಗ ರಾಜಗೂ ನೀನ ಅಂತಾರ್ರಿ. ನಮ್ಮ ಹಂಗ ರೀ ಹಚ್ಚೂದಿಲ್ಲ" ಎಂದು ಫಾದರ್ ಅವಲಕ್ಕಿ ತಟ್ಟೆ ಎತ್ತಿಕೊಂಡರು. ಸ್ವಲ್ಪ ತಿಂದು ಮತ್ತೆ ಹೇಳಿದರು: "ಇನ್ನೊಂದು ನೋಡ್ರಿ. ಕನ್ನಡದಾಗ ಪ್ರಶ್ನಿ ಕೇಳೂದಕ್ಕೂ ಕೇಳೂದು ಅಂತೇವಿ, ಕಿವಿಲೆ ಕೇಳೂದಕ್ಕೂ ಕೇಳೂದು ಅಂತೇವಿ. ಲ್ಯಾಟಿನ್ನದಾಗ ಎರಡೂ ಬ್ಯಾರೆ ಬ್ಯಾರೆ. ಔದೀ ಅಂದ್ರ ಪ್ರಶ್ನಿ ಹಾಕು ಅಂತ ಆಗೂದಿಲ್ಲ. ಬರೇ ಕಿವಿ ಕೊಡು ಅಂತ."

ನನ್ನ ಕೈಯಲ್ಲಿನ ಚಹಾ ಆರುತ್ತಿತ್ತು. ಸವದತ್ತಿಯ ಕೋಣೆ ಕಣ್ಣ ಮುಂದೆ ಬಂತು. ಮೂರು ದಿನ ನಾನು ಕೇಳಿದ್ದೆ, ನಿಜ. ಪ್ರಶ್ನೆ ಕೇಳಿದ್ದೆ, ಕಾಗದ ನೋಡುತ್ತ. ಅವರು ಹೇಳಿದ್ದು ಒಂದೇ ಮಾತು, ತಪ್ಪು ಮಾಡಿಲ್ಲ ಎಂದು. ಅದನ್ನು ಬರೆದುಕೊಂಡಿದ್ದೆನೇ ಹೊರತು ಯಾಕೆ ಹಾಗಂದರು ಎಂದು ಅರೆಗಳಿಗೆಯೂ ಯೋಚಿಸಿರಲಿಲ್ಲ.

ಇಬ್ಬರು ಹಿರಿಯರ ಮಾತು ಮುಂದೆ ಹೋಗಿತ್ತು. ಲ್ಯಾಟಿನ್ನಿನಲ್ಲಿ ವಿಧೇಯನಾಗಿರುವುದಕ್ಕೂ ಇದೇ ಧಾತುವಿನಿಂದ ಬಂದ ಪದವಿದೆ ಎಂದು ಫಾದರ್ ಹೇಳುತ್ತಿದ್ದರು. ಔದೀರೆಗೆ ಮುಂದೆ ಒಂದು ಉಪಸರ್ಗ ಹಚ್ಚಿದರೆ ಒಬೆದೀರೆ, ಯಾರದೋ ಕಡೆಗೆ ಕಿವಿಗೊಟ್ಟು ನಡೆಯುವುದು. ಅಪ್ಪ, "ನಮಗ ಉಪಸರ್ಗನೂ ಬೇಕಾಗಿಲ್ಲ. ಹುಡುಗ ಮಾತು ಕೇಳೂದಿಲ್ಲ ಅಂದ್ರ ಮುಗೀತು. ಕಿವಿ ಕೇಳಸೂದಿಲ್ಲ ಅಂತೇನು ಯಾರೂ ತಿಳಕೊಳ್ಳೂದಿಲ್ಲ" ಎಂದರು.

ಆ ಮಾತಿಗೆ ನಾನು ಎದ್ದು ಒಳಗೆ ಹೋದೆ.

ಕಡತ ತೆಗೆದು ದೂರಿನ ಆ ಸಾಲನ್ನು ಮತ್ತೆ ಓದಿದೆ. "ಹೇಳಿದ ಮಾತು ಕೇಳುವುದಿಲ್ಲ." ಕೆಳಗಿನ ಪಟ್ಟಿಯನ್ನು ಬೆರಳಿಟ್ಟು ಒಂದೊಂದಾಗಿ ನೋಡುತ್ತ ಹೋದೆ. ತರಬೇತಿಗೆ ಹೋಗಿ ಎಂದದ್ದು ಬಾಯಿಮಾತಿನಲ್ಲಿ. ತಾಲ್ಲೂಕಿನಿಂದ ಬಂದದ್ದು ಫೋನು. ಪ್ರಾರ್ಥನೆಯಲ್ಲಿ ಕರೆದದ್ದು ಹಿಂದಿನಿಂದ. ಪಟ್ಟಿಯಲ್ಲಿದ್ದ ಪ್ರತಿಯೊಂದೂ ಬಾಯಿಂದ ಹೇಳಿದ ಸಂಗತಿಯೇ. ಕಡತದ ಹಿಂಭಾಗದಲ್ಲಿ ಶಾಲೆಯ ಆದೇಶದ ಪುಸ್ತಕದ ನಕಲುಗಳಿದ್ದವು. ಬರಹದಲ್ಲಿ ಬಂದ ಒಂದೇ ಒಂದು ಆದೇಶವನ್ನೂ ಅಕ್ಕೋರು ಮೀರಿರಲಿಲ್ಲ. ಮೊಬೈಲಿಗೆ ಬರಹದಲ್ಲಿ ಬಂದ ಸೂಚನೆಗಳಿಗೆ ಅರ್ಧ ಗಂಟೆಯೊಳಗೆ ಉತ್ತರ ಹೋಗಿತ್ತು. ಮೊದಲನೆಯ ಆರೋಪ ಎಲ್ಲರೂ ಮಾಸ್ಕ್ ಹಾಕಿಕೊಂಡು ತಿರುಗುತ್ತಿದ್ದ ದಿನಗಳದು. ತುಟಿ ಕಾಣದ ದಿನಗಳು.

ಮುಖವನ್ನು ದಿಟ್ಟಿಸಿ ನೋಡುತ್ತಾರೆ ಎಂದು ನಾನೇ ಬರೆದಿದ್ದೆನಲ್ಲ. ಅವರು ನೋಡುತ್ತಿದ್ದದ್ದು ನನ್ನ ತುಟಿಯನ್ನು. ಅದನ್ನು ನಾನು ಕಾಗದದ ಹಿಂದೆ ಇಟ್ಟುಕೊಂಡಿದ್ದೆ.

ಸೋಮವಾರ ಸಹಿ ಮಾಡಲಿಲ್ಲ. ಸ್ಥಳ ಪರಿಶೀಲನೆ ಬಾಕಿ ಇದೆ ಎಂದು ಹೆಡ್ ಮಾಸ್ತರಿಗೂ ಅಕ್ಕೋರಿಗೂ ತಿಳಿಸಿ, ಮಂಗಳವಾರ ಬೆಳಿಗ್ಗೆ ಸವದತ್ತಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಜೋಳ ತೆನೆಗಟ್ಟಿತ್ತು. ಚೆಂದ ಇತ್ತು ನೋಡಲು. ನಾನು ಮಾತ್ರ ಕಡತ ಬಿಚ್ಚಿ ಆ ಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ನನ್ನ ಊಹೆ ಸುಳ್ಳಾಗಿದ್ದರೆ ಸುಮ್ಮನೆ ಒಂದು ದಿನ ಹಾಳು. ನಿಜವಾಗಿದ್ದರೆ ನಾನು ಎಂಥ ಕೆಲಸ ಮಾಡುವವನಿದ್ದೆ!

ಶಾಲೆ ಮುಟ್ಟಿದಾಗ ಹತ್ತೂವರೆ. ಹೆಡ್ ಮಾಸ್ತರು ಎದುರಿಗೆ ಬಂದು ಕರೆದುಕೊಂಡು ಹೋದರು. ಕೆಟ್ಟ ಮನುಷ್ಯರಲ್ಲ. ಶಾಲೆಯ ಅಂಗಳವನ್ನು ತಾವೇ ಗುಡಿಸುವಂಥವರು. ಭರ್ಜರಿ ಮೀಸೆ, ಮೇಲ್ತುಟಿ ಮಾತ್ರವಲ್ಲ ಕೆಳತುಟಿಯೂ ಅರ್ಧ ಮುಚ್ಚುವಷ್ಟು. "ತರಗತಿ ನಡೆಯೂದು ನೋಡತೇನಿ, ಯಾರಿಗೂ ಹೇಳಬ್ಯಾಡ್ರಿ" ಎಂದೆ. ಅಕ್ಕೋರ ತರಗತಿಯ ಹಿಂದಿನ ಬಾಗಿಲ ಹತ್ತಿರ ನಾವಿಬ್ಬರೂ ನಿಂತೆವು.

ಅವರು ನಮಗೆ ಬೆನ್ನು ಮಾಡಿ ಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದರು. ದುಂಡಗಿನ ಅಕ್ಷರ. ನಾನು ಎರಡು ಸಲ "ಅಕ್ಕೋರ" ಎಂದು ಕರೆದೆ, ಎರಡನೆಯ ಸಲ ಗಟ್ಟಿಯಾಗಿಯೇ. ಮಕ್ಕಳೆಲ್ಲ ಒಟ್ಟಿಗೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಅಕ್ಕೋರ ಕೈ ಹಲಗೆಯ ಮೇಲೆ ನಿಲ್ಲದೆ ಸಾಗುತ್ತಿತ್ತು. ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಹೋಗಿ ಅವರ ಕಣ್ಣಿಗೆ ಬೀಳುವ ಹಾಗೆ ಹಲಗೆಯ ಪಕ್ಕ ನಿಂತು, ಬಾಯಿ ಅಗಲ ತೆರೆದು, ಬಿಡಿಬಿಡಿಯಾಗಿ, "ಯಾರೋ ಬಂದಾರ್ರಿ" ಎಂದಳು. ಅಕ್ಕೋರು ತಿರುಗಿದರು.

ಪಕ್ಕದಲ್ಲಿ ಹೆಡ್ ಮಾಸ್ತರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಅಯ್ಯ ಶಿವನ" ಎಂದರು, ಮೆಲ್ಲಗೆ.

ಹೊರಗೆ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಮೂವರೂ ಕೂತೆವು. ನಾನು ಮಾತಾಡಲು ಹೋಗಲಿಲ್ಲ. ನೋಟ್ ಪುಸ್ತಕದ ಹಾಳೆಯಲ್ಲಿ ಬರೆದೆ: "ನಿಮಗೆ ಕಿವಿ ಕೇಳಿಸುವುದು ಕಡಿಮೆ ಆಗಿದೆಯೇ?"

ಅವರು ಓದಿದರು. ಹಾಳೆ ಹಿಡಿದ ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ಬಲಗಿವಿ ಪೂರಾ ಹೋಗೇತ್ರಿ ಸಾಹೇಬ್ರ. ಎಡಗಿವಿಯಾಗ ಎಲ್ಲೋ ದೂರ ಯಾರೋ ಮಾತಾಡಿದಂಗ ಕೇಳಸ್ತತ್ರಿ. ತುಟಿ ನೋಡಿ ತಿಳಕೋತೇನ್ರಿ. ಮಕ್ಕಳದು ತಿಳೀತೈತಿ, ಎದುರಿಗೆ ಬಂದು ಹೇಳತಾವು. ನಮ್ಮ ಮನೆಯವರದು ತಿಳೀತೈತಿ." ಹೆಡ್ ಮಾಸ್ತರ ಕಡೆ ಒಮ್ಮೆ ನೋಡಿದರು. "ಹೆಡ್ ಮಾಸ್ತರದು ತಿಳಿಯೂದಿಲ್ರಿ. ಅವರ ಮೀಸಿ ಅಡ್ಡ ಬರತಾವ್ರಿ."

ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಹೆಡ್ ಮಾಸ್ತರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡರು. ಆಮೇಲೆ, "ಮೊದಲ ಯಾಕ ಹೇಳಲಿಲ್ರಿ ಅಕ್ಕೋರ?" ಎಂದು ಕೇಳಿದರು. ಅಕ್ಕೋರಿಗೆ ತಿಳಿಯಲಿಲ್ಲ ಎಂದು ನಾನು ಅದನ್ನು ಬರೆದು ತೋರಿಸಿದೆ.

"ಹೆಂಗ ಹೇಳಲ್ರಿ?" ಎಂದರು ಅಕ್ಕೋರು. "ನಮ್ಮ ದೊಡ್ಡವ್ವಗ ಕಿವಿ ಇರಲಿಲ್ರಿ. ಅಕಿಗೊಂದು ಹೆಸರಿತ್ತು ಅನ್ನೂದ ಊರಿಗೆ ಮರತುಹೋತು. ಸಾಯೂ ತನಕಾ ಕಿವುಡಿ ಅಂತನ ಕರದ್ರು. ಕಿವುಡ ಮಾಸ್ತರಗೋಳನ್ನ ಯಾರು ಇಟಗೋತಾರ್ರಿ? ಕಿವಿ ಇಲ್ಲದವರನ್ನ ನೌಕರಿಯಿಂದ ತಗೀತಾರ ಅಂತ ಒಬ್ಬರು ಎಂದೋ ಅಂದಿದ್ರು. ಇನ್ನ ಏಳೆಂಟು ವರ್ಷ ಐತ್ರಿ ನಂದು. ಕಲಸೂದು ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ."

ಗಂಡನಿಗೂ ಯಾರ ಹತ್ತಿರವೂ ಹೇಳಬೇಡಿ ಎಂದು ಆಣೆ ಹಾಕಿಸಿದ್ದರಂತೆ. ಸವದತ್ತಿಯಲ್ಲಿ ಮೂರು ದಿನವೂ ಆ ಮನುಷ್ಯ ಬೆಂಚಿನ ಮೇಲೆ ಒದ್ದಾಡುತ್ತ ಕೂತದ್ದು ನೆನಪಾಯಿತು.

ನಾನು ಮತ್ತೆ ಹಾಳೆ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದೆ: "ನೌಕರಿಯಲ್ಲಿ ಇರುವಾಗ ಕಿವಿ ಹೋದರೆ ಆ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ. ಹಾಗೆಂದು ಕಾನೂನೇ ಇದೆ."

ಅಕ್ಕೋರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಹೆಡ್ ಮಾಸ್ತರ ಕೈಗೆ ಕೊಟ್ಟರು, ಅವರು ಓದಿ ಹೌದು ಎಂದು ತಲೆಯಾಡಿಸಿದರು. ಅಕ್ಕೋರು ಹಾಳೆ ಇಸಿದುಕೊಂಡು ಮೂರನೆಯ ಸಲ ಓದಿದರು. "ಖರೇನ್ರಿ ಸಾಹೇಬ್ರ?" ಎಂದರು. ನಾನು ಅವರ ಎದುರಿಗೆ ಮುಖ ಮಾಡಿ, ಬಾಯಿ ತೆರೆದು, "ಖರೇ" ಎಂದೆ. ಅದು ಅವರಿಗೆ ತಿಳಿಯಿತು. ಆಗ ಅತ್ತರು. ಹೆದರಿ ಅಳುವವರ ಅಳು ಬೇರೆ, ಇದು ಬೇರೆ. ಭುಜ ಸಡಿಲವಾಗಿ, ಬೆನ್ನು ಬಾಗಿ, ಎಷ್ಟೋ ದಿನ ಎಚ್ಚರವಿದ್ದವರು ಕೊನೆಗೂ ಒರಗಿದ ಹಾಗೆ ಇತ್ತು. "ಈ ಕಾಗದ ನಾ ಇಟಗೊಳ್ಳಲ್ರಿ?" ಎಂದು ಕೇಳಿ ಅದನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು.

ಹೆಡ್ ಮಾಸ್ತರು ನನ್ನನ್ನು ಬಸ್ಸಿಗೆ ಬಿಡಲು ಬಂದರು. ಬಸ್ಸು ಕಂಡಾಗ ಅಂದರು: "ಮೂರು ವರ್ಷ ಒದರೇನ್ರಿ ಅವರ ಮ್ಯಾಲ. ಒದರಿದಷ್ಟೂ ಮುಖ ತಿರುವತಿದ್ರು. ಸೊಕ್ಕು ಅಂದುಕೊಂಡೆ. ನಾ ಏನು ಮಾಡಲ್ರೀಗ?"

"ನಾನೂ ಹಂಗ ಅಂದುಕೊಂಡಿದ್ದೆ" ಎಂದೆ. "ಮುಂದಿನ ವಾರ ಸವದತ್ತಿಗೆ ವಿಚಾರಣೆಗೆ ಬಂದು ಗೊತ್ತಿದ್ದದ್ದು ಹೇಳ್ರಿ. ಅಷ್ಟು ಸಾಕು."

ಸವದತ್ತಿಯಲ್ಲಿ ಮತ್ತೊಮ್ಮೆ ವಿಚಾರಣೆ ಇಟ್ಟೆ. ಕಿಟಕಿ ಮುಚ್ಚಿಸಿದೆ, ಫ್ಯಾನು ನಿಲ್ಲಿಸಿದೆ, ಬೆವರು ಸುರಿಸುತ್ತ ಕೂತೆವು. ಪ್ರಶ್ನೆಗಳನ್ನು ಬರೆದು ಅವರ ಮುಂದಿಟ್ಟೆ, ಉತ್ತರವನ್ನು ಅವರು ಬಾಯಿಂದ ಹೇಳಿದರು. ಗಂಡನನ್ನು ಒಳಗೆ ಕರೆದು ಪಕ್ಕದಲ್ಲಿ ಕೂಡಿಸಿದೆ. ಆ ದಿನ ನಾನು ಹೆಚ್ಚು ಮಾತಾಡಲಿಲ್ಲ. ಅಕ್ಕೋರು ಒಂದೂವರೆ ತಾಸು ಮಾತಾಡಿದರು. ಯಾವ ದಿನ ಏನಾಯಿತು, ತಾವು ಏನೆಂದು ತಿಳಿದುಕೊಂಡರು, ಯಾಕೆ ನಕ್ಕರು. ತರಬೇತಿಯ ದಿನ ಹೆಡ್ ಮಾಸ್ತರು ರಾಮದುರ್ಗ ಎಂದದ್ದು ಮಾತ್ರ ತಿಳಿದು, ಅಲ್ಲಿಂದ ಯಾರೋ ಬರುತ್ತಾರೆ ಎಂದುಕೊಂಡು ಶಾಲೆಯಲ್ಲೇ ದಾರಿ ಕಾಯುತ್ತ ಕೂತಿದ್ದರಂತೆ. ಹೆಡ್ ಮಾಸ್ತರು ಬಂದು, ತಾವು ದೂರು ಕೊಟ್ಟದ್ದು ಕಾರಣ ತಿಳಿಯದೆ ಎಂದು ಹೇಳಿಕೆ ಬರೆಸಿದರು. ಮೀಸೆ ಅರ್ಧಕ್ಕರ್ಧ ಕಡಿಮೆ ಆಗಿತ್ತು.

ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ ಚೀಟಿಯೂ ಬಂತು. ಎಡಗಿವಿಗೆ ಯಂತ್ರ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂದು ಡಾಕ್ಟರು ಬರೆದಿದ್ದರು. ಹೊಸ ವರದಿ ಬರೆದೆ. ಆರೋಪಗಳು ಸಾಬೀತಾಗಿಲ್ಲ, ಆದೇಶಗಳನ್ನು ಇನ್ನು ಮುಂದೆ ಬರಹದಲ್ಲಿ ಕೊಡತಕ್ಕದ್ದು ಎಂದು. ಲ್ಯಾಟಿನ್ ಸಾಲು ಹಾಕಲಿಲ್ಲ, ಬೇಕೆನಿಸಲಿಲ್ಲ. ಹಳೆಯ ಮೂರು ಪ್ರತಿಗಳನ್ನು ಹರಿದು ಒಲೆಗೆ ಹಾಕಿ ಬಿಸಿನೀರು ಕಾಸಿಕೊಂಡು ಸ್ನಾನ ಮಾಡಿದೆ. ಇಡೀ ತಿಂಗಳು ಸರಿಯಾಗಿ ನಿದ್ದೆ ಇರಲಿಲ್ಲ ಎಂಬುದು ಆಮೇಲೆ ಗಡದ್ದಾಗಿ ನಿದ್ದೆ ಬಂದಾಗಲೇ ನನಗೆ ತಿಳಿದದ್ದು. ದೂರನ್ನು ಕೈಬಿಡಲಾಗಿದೆ ಎಂದು ಮೇಲಿನಿಂದ ಆದೇಶ ಬಂದದ್ದು ಎರಡು ತಿಂಗಳಿಗೆ. ಅದನ್ನು ಹೇಳಿದಾಗ ಅಪ್ಪ, "ಇಷ್ಟು ದಿನ ಯಾರ ಸುದ್ದಿ ಅಂತ ನೀ ಹೇಳಲಿಲ್ಲ, ನಾ ಕೇಳಲೂ ಇಲ್ಲ. ಛಲೋ ಆತಲ್ಲ, ಸಾಕು" ಎಂದರು.

ಕಳೆದ ವರ್ಷ ರಾಮದುರ್ಗಕ್ಕೆ ಬೇರೆ ಕೆಲಸದ ಮೇಲೆ ಹೋದಾಗ, ಮನಸ್ಸು ತಡೆಯದೆ ಆ ಶಾಲೆಗೂ ಹೋಗಿಬಂದೆ. ಅಕ್ಕೋರ ಕಿವಿಯ ಹಿಂದೆ ಶೇಂಗಾ ಬೀಜದಷ್ಟು ಸಣ್ಣ ಯಂತ್ರ ಕೂತಿತ್ತು. ಅದು ಹಾಕಿಕೊಂಡ ಮೊದಲ ವಾರ ತಲೆ ಕೆಟ್ಟುಹೋಗಿತ್ತಂತೆ. "ಈ ಸೀಮೆಸುಣ್ಣ ಇಷ್ಟು ಕಿರಗುಡತೈತಂತ ನನಗ ಗೊತ್ತ ಇರಲಿಲ್ರಿ ಸಾಹೇಬ್ರ. ಮಕ್ಕಳು ಇಷ್ಟು ದಿನಾ ಹೆಂಗ ತಡಕೊಂಡವೋ! ಮನಿಯಾಗ ನಮ್ಮ ಮನೆಯವರು ಒದರಿ ಮಾತಾಡೂದು ಇನ್ನೂ ಬಿಟ್ಟಿಲ್ರಿ. ಕೇಳಸ್ತತಿ, ಮೆಲ್ಲಕ ಮಾತಾಡ್ರಿ ಅಂದ್ರ ಅವರಿಗೆ ರೂಢಿನ ತಪ್ಪವಲ್ದು."

ಹೆಡ್ ಮಾಸ್ತರು ಪಕ್ಕದಲ್ಲಿ ನಿಂತು, "ನಮ್ಮ ಗತಿ ಕೇಳ್ರಿ ಸಾಹೇಬ್ರ" ಎಂದರು. "ಮೊದಲ ಇವರ ಎದುರಿಗೆ ಏನು ಬೇಕಾದ್ದು ಮಾತಾಡಬಹುದಿತ್ತು. ಈಗ ಅತ್ತಾಗ ಕೋಣ್ಯಾಗ ಪಿಸುಗುಟ್ಟಿದ್ರೂ ಇತ್ತಾಗಿಂದ ಉತ್ತರ ಬರತೈತ್ರಿ."

ಅಕ್ಕೋರು ನಕ್ಕರು. ಬಾಯಿ ತುಂಬ ನಗು, ಏನನ್ನೂ ಮುಚ್ಚಿಕೊಳ್ಳದ ನಗು. ಊಟದ ಗಂಟೆ ಹೊಡೆಯಿತು. "ಕುಂದ್ರಿ, ರೊಟ್ಟಿ ತಂದೇನ್ರಿ, ಉಂಡ ಹೋಗ್ರಿ" ಎಂದು ಡಬ್ಬಿ ಬಿಚ್ಚಿದರು. ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೊಂದಿಷ್ಟು ಅಗಸಿ ಹಿಂಡಿ ಅನ್ನುವ ಚಟ್ನಿಪುಡಿ. ಮೂವರೂ ಬೇವಿನ ಗಿಡದ ಕೆಳಗೆ ಕೂತು ಉಂಡೆವು. ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು, ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.